ಪೆಂಗ್ವಿನ್ ನೋಡಿ ಇಂಗ್ಲಿಷ್ ಬರತೈತೇನ್ರಿ? ಕಲ್ತವರು ಹೇಳ್ರಿ

ಹಾವೇರಿಯಿಂದ, ಕೇಳಿದವರು:
ಎಲ್ಲಾರಿಗೂ ನಮಸ್ಕಾರ. ಕನ್ನಡ ಮಾಧ್ಯಮದಾಗ ಕಲ್ತು ಈಗ ಬಿ.ಕಾಂ. ಕೊನೇ ವರ್ಷದಾಗ ಇದ್ದೀನಿ. ಓದಿದ್ರ ಇಂಗ್ಲಿಷ್ ತಿಳೀತೈತಿ. ಯಾರರ ಮಾತಾಡಿದ್ರ ಅರ್ಧಕ್ಕರ್ಧ ಹಾರಿ ಹೋಗತೈತಿ, ನಾ ಮಾತಾಡೂದಂತೂ ದೂರನ ಉಳೀತು. ಸ್ಪೋಕನ್ ಇಂಗ್ಲಿಷ್ ಕ್ಲಾಸಿಗೆ ಕಟ್ಟಾಕ ರೊಕ್ಕ ಇಲ್ಲ. ಕಾಡುಪ್ರಾಣಿ, ಹಿಮ, ಮರುಭೂಮಿ, ಸಮುದ್ರದ ತಳ, ಇಂಥಾ ವಿಡಿಯೋ ನನಗ ಭಾಳ ಸೇರತಾವು. ಅದರಿಂದನ ಇಂಗ್ಲಿಷ್ ಕಲೀಬೌದಾ? ಕಲ್ತವರಿದ್ರ ಹೆಂಗ ನೋಡಿದ್ರಿ ಅಂತ ಬಿಡಿಸಿ ಹೇಳ್ರಿ. ನಮ್ಮ ಅಪ್ಪಾರು "ಮೊಬೈಲ್ ಹಿಡಿಯಾಕ ಒಂದು ನೆವ" ಅಂತಾರ.

ಹುಬ್ಬಳ್ಳಿ, ಮೋಟರ್ ರಿವೈಂಡಿಂಗ್ ಅಂಗಡಿಯವರು:
ಕಲೀಬೌದು ತಂಗಿ. ಆದ್ರ ಬರೇ ನೋಡಿದ್ರ ಬರಂಗಿಲ್ಲ. ನಾ ಒಂದು ವರ್ಷ ಹಂಗ ನೋಡಿ ಕೆಟ್ಟೀನಿ. ಹುಲಿ ಓಡೂದು ನೋಡಿದ್ನಿ, ಮಾತು ಒಂದೂ ತಲೀಗೆ ಹೋಗಲಿಲ್ಲ. ಕಣ್ಣಿಗೆ ಹಬ್ಬ ಇದ್ದಾಗ ಕಿವಿ ಮಲಗಿಬಿಡತೈತಿ.

ಆಮ್ಯಾಲ ಹಾದಿ ಬದಲಿ ಮಾಡಿದೆ. ಐದ ನಿಮಿಷದ ತುಣುಕು ಹಿಡದು ವಾರಗಟ್ಲೆ ಅದನ್ನ ತಿಕ್ಕೂದು. ಮೊದಲನೇ ಸಲ ಸುಮ್ನ ನೋಡೂದು. ಎರಡನೇ ಸಲ ಕೆಳಗ ಇಂಗ್ಲಿಷ್ ಅಕ್ಷರ ಹಾಕ್ಕೊಂಡು. ಮೂರನೇ ಸಲ ಮೊಬೈಲ್ ಬೋರಲು ಇಟ್ಟು ಬರೇ ಕೇಳೂದು. ಅದು ನನಗ ಸಲೀಸು, ಕೈ ತನ್ನಷ್ಟಕ್ಕ ತಾನ ಕಾಯಿಲ್ ಸುತ್ತತಿರತೈತಿ. ಕಡೀಕ ದನಿ ಪೂರಾ ಬಂದ್ ಮಾಡಿ ಚಿತ್ರಕ್ಕ ನಾನ ಮಾತು ಹೇಳೂದು. ಕಲ್ತಿದ್ದೆಲ್ಲಾ ಈ ಕಡೇ ಸಲದಾಗ, ನೆನಪಿರಲಿ.

ಒಂದು ಉದಾಹರಣಿ ಹೇಳತೀನಿ. ಅಂಟಾರ್ಕ್ಟಿಕಾದಾಗ ಎಂಪರರ್ ಪೆಂಗ್ವಿನ್ ತತ್ತಿ ಇಟ್ಟು ಅವ್ವ ಸಮುದ್ರಕ್ಕ ಹೋಗತಾಳ. ಅಪ್ಪ ಆ ತತ್ತಿ ಕಾಲ ಮ್ಯಾಲ ಇಟ್ಕೊಂಡು ಸುಮಾರು 65 ದಿನ ಕಾವು ಕೊಡತಾನ, ಹೊಟ್ಟೀಗೆ ಏನೂ ಇಲ್ಲ, ಥಂಡಿ ಮೈನಸ್ 40ಕ್ಕ ಇಳೀತೈತಿ. ಈ ತುಣುಕಿಗೆ ದನಿ ಬಂದ್ ಮಾಡಿ ನಾ ಹೇಳಿದ್ದು: "ಫಾದರ್ ಸ್ಟ್ಯಾಂಡಿಂಗ್. ಎಗ್ ಆನ್ ಫೀಟ್. ಮದರ್ ಗೋ ಸೀ." ಆಮ್ಯಾಲ ದನಿ ಹಚ್ಚಿದ್ರ ವಿಡಿಯೋದಾಗ ಮಾತಾಡೂ ಮನಿಷ್ಯಾ "ದ ಮದರ್ ಹ್ಯಾಸ್ ಗಾನ್ ಟು ಸೀ" ಅಂದ. ಗೋ ಅಲ್ಲ, ವೆಂಟ್ ಸೈತ ಅಲ್ಲ, ಹ್ಯಾಸ್ ಗಾನ್. ಅವತ್ತ ತಿಳೀತು ನೋಡು: "ಹೋದ್ಲು" ಅಂದ್ರ ವೆಂಟ್, "ಹೋಗ್ಯಾಳ" ಅಂದ್ರ ಹ್ಯಾಸ್ ಗಾನ್. ಹೋಗ್ಯಾಳ, ಇನ್ನಾ ಬಂದಿಲ್ಲ, ಈ ಬಡಪಾಯಿ ನಿಂತಾನ. ಶಾಲ್ಯಾಗ ಕೋಷ್ಟಕ ಬಾಯಿಪಾಠ ಮಾಡಿದಾಗ ತಿಳೀದ್ದು ಒಂದು ಪೆಂಗ್ವಿನ್‌ನಿಂದ ತಿಳೀತು. ಅಂಗಡ್ಯಾಗ ಗಿರಾಕಿ ಕೂತಿದ್ರ ಈ ಅಭ್ಯಾಸ ಮಾಡಬ್ಯಾಡ, ಇಂವಗ ಏನೋ ಆಗೈತಿ ಅಂತಾರ.

ಧಾರವಾಡ, ನಿವೃತ್ತ ಇಂಗ್ಲಿಷ್ ಶಿಕ್ಷಕರು:
ಮೇಲಿನವರು ಹೇಳಿದ "ಹೋದ್ಲು, ಹೋಗ್ಯಾಳ" ವ್ಯತ್ಯಾಸವನ್ನು ಮೂವತ್ತು ವರ್ಷ ಕಲಿಸಿದ ನಾನು ಇಷ್ಟು ಚಂದ ಹೇಳಿರಲಿಲ್ಲ. ಎರಡು ಮಾತು ಸೇರಿಸುತ್ತೇನೆ.

ಈ ವಿಡಿಯೋಗಳ ನಿರೂಪಣೆ ಹೆಚ್ಚಾಗಿ ಸರಳ ವರ್ತಮಾನದಲ್ಲಿ ಇರುತ್ತದೆ. "ಶೀ ವೇಟ್ಸ್. ಶೀ ವಾಚಸ್." ನಮ್ಮ ಮಕ್ಕಳು ಕಡೆಯ ಆ "ಸ್" ನುಂಗುತ್ತಾರೆ, ಇಲ್ಲವೆ ಎಲ್ಲದಕ್ಕೂ "ಈಸ್ ವೇಟಿಂಗ್" ಅನ್ನುತ್ತಾರೆ. ಚಿರತೆಯ ಇಂಥ ಒಂದು ತುಣುಕನ್ನು ಹತ್ತು ಸಲ ಕೇಳಿದರೆ ಆ "ಸ್" ನಾಲಿಗೆಗೆ ಅಂಟುತ್ತದೆ. ಆದರೆ ಇಂಟರ್‌ವ್ಯೂನಲ್ಲಿ ನಿಮ್ಮನ್ನು ಕೇಳುವುದು ಆಗಿಹೋದ ಸಂಗತಿ: ಏನು ಓದಿದಿರಿ, ಎಲ್ಲಿ ಕೆಲಸ ಮಾಡಿದಿರಿ. ಆದ್ದರಿಂದ ಇಂದು ನೋಡಿದ್ದನ್ನು ನಾಳೆ ಬೆಳಿಗ್ಗೆ ಭೂತಕಾಲದಲ್ಲಿ ಹೇಳಿ. ಶೀ ವೇಟೆಡ್, ಶೀ ಮಿಸ್ಡ್, ಶೀ ಸ್ಲೆಪ್ಟ್ ಹಂಗ್ರಿ (ಹಸಿದೇ ಮಲಗಿತು).

ಯಂತ್ರ ತಾನೇ ಬರೆದ ಅಕ್ಷರಗಳನ್ನು ಪೂರ್ತಿ ನಂಬಬೇಡಿ. ಬೇಟೆಗೆ ಸಿಕ್ಕುವ ಪ್ರಾಣಿಯೂ "ಪ್ರೇ", ದೇವರಿಗೆ ಮಾಡುವ ಪ್ರಾರ್ಥನೆಯೂ "ಪ್ರೇ". ಒಮ್ಮೆ ಅದು ಸಿಂಹವನ್ನು ಪ್ರಾರ್ಥನೆಯ ಬೆನ್ನು ಹತ್ತಿಸಿತ್ತು. ಮಾತು ಓಡುತ್ತದೆ ಅನ್ನಿಸಿದರೆ ಯೂಟ್ಯೂಬಿನಲ್ಲಿ ವೇಗ 0.75ಕ್ಕೆ ಇಳಿಸಿ. ಅದಕ್ಕೂ ಕೆಳಗೆ ಇಳಿಸಿದರೆ ಕುಡಿದವರ ಮಾತು ಕೇಳಿದಂತೆ.

"ವೈಲ್ಡ್ ಕರ್ನಾಟಕ" ಎಂಬ ನಮ್ಮ ಕಾಡುಪ್ರಾಣಿಗಳ ಸಾಕ್ಷ್ಯಚಿತ್ರ ಇಂಗ್ಲಿಷಿನಲ್ಲಿ ಡೇವಿಡ್ ಅಟೆನ್‌ಬರೋ ದನಿಯಲ್ಲಿದೆ, ಕನ್ನಡದಲ್ಲಿ ರಿಷಬ್ ಶೆಟ್ಟಿ ದನಿಯಲ್ಲಿದೆ. ಸಿಕ್ಕರೆ ಮೊದಲು ಕನ್ನಡದ್ದು, ಆಮೇಲೆ ಇಂಗ್ಲಿಷಿನದು ನೋಡಿ.

ಹುಬ್ಬಳ್ಳಿ, ಖಾಸಗಿ ಕಂಪನಿ ಅಕೌಂಟ್ಸ್:
ನಾನು ಒಂಚೂರು ತಣ್ಣೀರು ಎರಚತೀನಿ, ಬ್ಯಾಸರ ಮಾಡ್ಕೋಬ್ಯಾಡ್ರಿ. ನಾನೂ ಹಿಂಗ ಕಲ್ತಾವ. ತೋಳದ ವಿಡಿಯೋ ಭಾಳ ನೋಡಿದ್ದೆ. ಮೊದಲನೇ ಇಂಟರ್‌ವ್ಯೂನ್ಯಾಗ ಕಾಲೇಜ್ ಪ್ರಾಜೆಕ್ಟ್ ಬಗ್ಗೆ ಕೇಳಿದ್ರು. "ಸರ್, ವೀ ವರ್ ಅ ಪ್ಯಾಕ್ ಆಫ್ ಫೋರ್" ಅಂದೆ. ಮೂರೂ ಮಂದಿ ನಕ್ಕರು. ಒಬ್ಬರು "ಹೂ ವಾಸ್ ದ ಲೀಡರ್?" ಅಂತ ಕೇಳೇ ಬಿಟ್ರು. ತೋಳಕ್ಕ ಪ್ಯಾಕ್, ಆನಿಗೆ ಹರ್ಡ್, ಸಿಂಹಕ್ಕ ಪ್ರೈಡ್ ಎಲ್ಲಾ ಗೊತ್ತಿತ್ತು, ಮನಿಷ್ಯಾರಿಗೆ ಟೀಮ್ ಅನ್ನೂದ ಬಾಯಿಗೆ ಬರಲಿಲ್ಲ. ಇನ್‌ವಾಯ್ಸ್, ಪೆಂಡಿಂಗ್, ಸಾರಿ ಫಾರ್ ದ ಡಿಲೇ, ಇವನ್ನ ಯಾವ ಕರಡಿನೂ ಕಲಿಸಂಗಿಲ್ಲ. ವಾರದಾಗ ಎರಡು ದಿನ ಆಫೀಸ್ ಮಾತಿನ ವಿಡಿಯೋಕ್ಕ ಇಟ್ಕೋರಿ.

ಆದ್ರ ಅಂಕಿ ಕೇಳಾಕ ಈ ವಿಡಿಯೋಗಳ ಜೋಡಿ ಇಲ್ಲ. ನಾ ಫೋನಿನ್ಯಾಗ ಫಿಫ್ಟೀನ್ ಥೌಸಂಡ್ ಅಂದಿದ್ದನ್ನ ಫಿಫ್ಟಿ ಅಂತ ಬರಕೊಂಡು ಸಾಹೇಬ್ರ ಕಡೆ ಬೈಸಿಕೊಂಡಾವ. ಅಂಟಾರ್ಕ್ಟಿಕಾದ ವೋಸ್ಟಾಕ್ ಠಾಣೆದಾಗ 1983ರಾಗ ಮೈನಸ್ 89.2 ಡಿಗ್ರಿ, ಪೆಸಿಫಿಕ್ ಸಾಗರದ ಮರಿಯಾನಾ ಕಂದಕದ ಆಳ ಸುಮಾರು 11 ಕಿಲೋಮೀಟರ್, ಸಮುದ್ರ ತಳದ ಬಿಸಿ ಬುಗ್ಗಿ ನೀರು 400 ಡಿಗ್ರಿ ಹತ್ರ ಇದ್ರೂ ಒತ್ತಡಕ್ಕ ಕುದಿಯಂಗಿಲ್ಲ. ಇಂಥಾ ಅಂಕಿ ಕಿವಿಗೆ ಬಿದ್ದಕೂಡ್ಲೆ ನಿಲ್ಲಿಸಿ ಬರೀರಿ, ಹಿಂದ ಹೋಗಿ ತಾಳೆ ನೋಡ್ರಿ. ಫಿಫ್ಟೀನ್‌ದಾಗ ಒತ್ತು "ಟೀನ್" ಮ್ಯಾಲ, ಫಿಫ್ಟಿದಾಗ "ಫಿಫ್" ಮ್ಯಾಲ. ನಾ ಚಿಗರಿ ಅನ್ನೂ ಸಿಟಿ ಬಸ್ಸಿನ್ಯಾಗ ಧಾರವಾಡಕ್ಕ ಹೋಗಿ ಬರೂವಾಗ ಇದನ್ನ ಮಾಡತಿದ್ದೆ. ಸೀಟ್ ಸಿಕ್ಕ ದಿನ.

ಗದಗ, ಮನ್ಯಾಗ ಟ್ಯೂಷನ್ ಹೇಳವರು:
ನಮ್ಮ ಹುಡುಗರ ಕಥಿ ಕೇಳ್ರಿ. ನಮ್ಮ ಗದಗ ಜಿಲ್ಲಾದ ಮಾಗಡಿ ಕೆರಿಗೆ ಚಳಿಗಾಲದಾಗ ಹೊರದೇಶದ ಬಾತುಗಳು ಬರತಾವಲ್ಲ, ಹಿಮಾಲಯ ದಾಟಿ? 2024ರಾಗ ಆ ಕೆರಿಗೆ ರಾಮ್ಸಾರ್ ಪಟ್ಟ, ಅಂದ್ರ ಜಗತ್ತಿನ ಮಹತ್ವದ ಜೌಗು ನೆಲ ಅನ್ನೂ ಮನ್ನಣೆ, ಸಿಕ್ಕೈತಿ. ಹೋಗೂಕಿಂತ ಮೊದಲು ಆ ಹಕ್ಕಿ ವಿಡಿಯೋ ತೋರಿಸಿದೆ. ಹೆಸರು "ಬಾರ್‌ಹೆಡೆಡ್ ಗೂಸ್". ಒಬ್ಬಾಂವ ಎದ್ದು "ಟೀಚರ್, ಅದು ಕುಡೀತೈತೇನ್ರಿ?" ಅಂದ. ಬಾರ್ ಅಂದ್ರ ಪಟ್ಟಿ, ಬಿಳಿ ತಲಿ ಮ್ಯಾಲ ಎರಡು ಕರೀ ಪಟ್ಟಿ ಅದಾವ ನೋಡು ಅಂತ ತೋರಿಸಿದ ಮ್ಯಾಲ ಆ ಶಬ್ದ ಯಾರೂ ಮರೀಲಿಲ್ಲ. ಗೂಸ್ ಒಂದು, ಗೀಸ್ ಭಾಳ. ಹಂಗಾರ ಮಾಂಗೂಸ್ ಭಾಳ ಇದ್ರ ಮಾಂಗೀಸ್ ಏನ್ರಿ ಅಂತ ಇನ್ನೊಬ್ಬಾಕಿ. ಅಲ್ಲವ್ವಾ, ಅದು ಮರಾಠಿ ಮಂಗೂಸದಿಂದ ಹೋದ ಶಬ್ದ, ನಮ್ಮ ಮುಂಗುಸಿ ನೆಂಟ, ಅದಕ್ಕ ಮಾಂಗೂಸಸ್ ಅಂತಾರ ಅಂದೆ.

ಕೆರಿ ದಂಡಿ ಮ್ಯಾಲ ನಿಂತು ಒಬ್ಬೊಬ್ಬರು ಎರಡೆರಡು ಮಾತು ಹೇಳಬೇಕಿತ್ತು. ವಿಡಿಯೋದಾಗಿನ ವಾಕ್ಯ ಒಪ್ಪಿಸವ್ರು ನಡಕ್ಕ ತಡವರಿಸಿ ನಿಂತ್ರು. ಒಕ್ಕಲುತನದ ಮನಿ ಹುಡುಗ ಒಬ್ಬಾಂವ ಮಾತ್ರ ತಡೀದ ಹೇಳಿದ: "ದೇ ಹ್ಯಾವ್ ಕಮ್ ಫ್ರಮ್ ಮಂಗೋಲಿಯಾ. ದೇ ಈಟ್ ಅವರ್ ಶೇಂಗಾ. ಮೈ ಫಾದರ್ ಈಸ್ ಆ್ಯಂಗ್ರಿ." ಅದಕ್ಕ ಹೇಳತೀನಿ, ಪೆಂಗ್ವಿನ್ ಜೋಡಿ ನೀವ ಕಣ್ಣಾರೆ ಕಂಡ ಪ್ರಾಣಿನೂ ಹಿಡೀರಿ. ಹಾವೇರಿ ಜಿಲ್ಲಾದಾಗ ರಾಣೆಬೆನ್ನೂರ ಅಭಯಾರಣ್ಯ ಐತಿ, 119 ಚದರ ಕಿಲೋಮೀಟರ್, ಚಿಗರಿಗಂತ, ಅಂದ್ರ ಕೃಷ್ಣಮೃಗಕ್ಕಂತ, ಇಟ್ಟಿದ್ದು.

ಶಿಗ್ಗಾಂವಿ:
ವೈಫೈ ಸಿಕ್ಕಲ್ಲೆ ಇಳಿಸಿ ಇಟ್ಕೋರಿ. ಡೇಟಾ ತೀರಿದ್ರ ಹುಲಿ ಅರ್ಧಕ್ಕ ನಿಂತಿರತೈತಿ.

ಹಾವೇರಿಯಿಂದ, ಕೇಳಿದವರು, ಎಂಟು ದಿನದ ಮ್ಯಾಲ:
ಎಲ್ಲಾರಿಗೂ ಥ್ಯಾಂಕ್ಸ್. ಚಿಗರಿ ತುಣುಕನ್ನ ಹಿಡಿದೆ. ಗಂಡು ಬಕ್, ಹೆಣ್ಣು ಡೋ, ಮರಿ ಫಾನ್. ಕಪ್ಪ ಇರೂದು ಗಂಡು ಅಷ್ಟ, ಹೆಣ್ಣು ಕಂದು. ದನಿ ಬಂದ್ ಮಾಡಿ ಹೇಳಾಕ ಮೊದಲ ಎರಡು ದಿನ ನಾಚಿಕಿ ಆತು, ಹಿತ್ತಲಕ್ಕ ಹೋಗಿ ಹೇಳಿದೆ. ಮೂರನೇ ದಿನ ಅಪ್ಪಾರು ಬಾಜೂಕ ಬಂದು ಕುಂತು "ಈಗೇನಂದಿ, ಕನ್ನಡದಾಗ ಹೇಳು" ಅಂದ್ರು. ಈಗ ದಿನಾ ಕೇಳತಾರ, ತಪ್ಪಿಸಾಕ ಆಗವಲ್ದು.

ಒಂದು ಡೌಟ್: ಚಿಗರಿಗೆ ಒಮ್ಮೆ "ಜಂಪ್ಸ್", ಒಮ್ಮೆ "ಲೀಪ್ಸ್" ಅಂದ್ರು. ಫರಕ್ ಏನು?

ಹುಬ್ಬಳ್ಳಿ, ಮೋಟರ್ ರಿವೈಂಡಿಂಗ್ ಅಂಗಡಿಯವರು:
ನಾವು ಗಟಾರ ದಾಟಿದ್ರ ಜಂಪ್, ಚಿಗರಿ ದೂರಕ್ಕ ಹಾರಿದ್ರ ಲೀಪ್ ಅಂತ ನಾ ತಿಳಕೊಂಡೀನಿ. ಧಾರವಾಡ ಸರ್ ಬಂದು ತಿದ್ದಲಿ.