ಡಿ ಡ್ರೈವ್‌ಗೆ ಪಾಸ್‌ವರ್ಡ್ ಹಾಕಿದ್ರೆ ಸಾಕಾ?

ಅಂಗಡಿಲೆಕ್ಕ: ಡಿ ಡ್ರೈವ್‌ನಲ್ಲಿ ಆರು ವರ್ಷದ ಉದ್ರಿ ಲೆಕ್ಕ ಇದೆ. ಯಾವುದೋ ಉಚಿತ ಲಾಕ್ ಸಾಫ್ಟ್‌ವೇರ್ ಹಾಕಿ ನೆಮ್ಮದಿಯಾಗಿದ್ದೆ. ನಿನ್ನೆ ತಂಗಿ ಮಗ ವಿಂಡೋಸ್ ಬದಲು ಉಬುಂಟು ಅನ್ನೋ ಬೇರೆ ಆಪರೇಟಿಂಗ್ ಸಿಸ್ಟಂ ಇರೋ ಪೆನ್‌ಡ್ರೈವ್ ಚುಚ್ಚಿ, ಅದರಿಂದಲೇ ಬೂಟ್ ಮಾಡಿ, ಪಾಸ್‌ವರ್ಡ್ ಇಲ್ಲದೇ ಎಲ್ಲಾ ಫೈಲ್ ತೆರೆದು ತೋರಿಸಿದ! ಹಾಗಾದ್ರೆ ಈ ಪಾಸ್‌ವರ್ಡ್ ಯಾತಕ್ಕೆ ಸ್ವಾಮಿ?

ಹಳೇಮೌಸ್: ಅದು ಬಾಗಿಲಿಗೆ ಪರದೆ ಕಟ್ಟಿದ ಹಾಗೆ, ಬೀಗ ಅಲ್ಲ. ಅಂಥವು ಹೆಚ್ಚಾಗಿ ವಿಂಡೋಸ್ ಒಳಗಷ್ಟೇ ಡ್ರೈವ್ ಮರೆಮಾಡ್ತವೆ. ಡಿಸ್ಕ್ ಮೇಲಿನ ಬರಹ ಹಾಗೇ ಇರುತ್ತೆ. ವಿಂಡೋಸ್ ಪ್ರೊ ಜೊತೆಗೇ ಬರೋ ಬಿಟ್‌ಲಾಕರ್ ಆ ಬರಹವನ್ನೇ ಗೂಢಲಿಪಿ ಮಾಡುತ್ತೆ. ಪ್ರೊ ಇಲ್ಲದಿದ್ರೆ ಅದೇ ಕೆಲಸ ಮಾಡೋ ವೆರಾಕ್ರಿಪ್ಟ್ ಸಾಫ್ಟ್‌ವೇರ್ ಹಾಕಿ, ದುಡ್ಡಿಲ್ಲ. ಮೊದಲು ಬ್ಯಾಕಪ್ ತಗೊಳ್ಳಿ.

ಅಂಗಡಿಲೆಕ್ಕ: ನನ್ನದು ಪ್ರೊ. ಇವತ್ತೇ ಹಾಕ್ತೀನಿ.

ಮಲೆನಾಡಿಗ: ಪಾಸ್‌ವರ್ಡ್ ಮರೆತ್ರೆ ತೆರೆಯೋಕೆ ಬಿಟ್‌ಲಾಕರ್ 48 ಅಂಕಿಯ ರಿಕವರಿ ಕೀ ಕೊಡುತ್ತೆ, ಉದ್ರಿ ಪುಸ್ತಕದಲ್ಲೇ ಬರೆದಿಡಿ. ನಾನು ಸಿ ಡ್ರೈವ್‌ನಲ್ಲಿಟ್ಟು, ಅದನ್ನೇ ಫಾರ್ಮ್ಯಾಟ್ ಮಾಡ್ದೆ. ಪಾಸ್‌ವರ್ಡೂ ಮರೆತಿತ್ತು. ಮಗಳ ನಾಮಕರಣದ ಫೋಟೋ ಈಗಲೂ ಲಾಕ್ ಆದ ಡ್ರೈವ್‌ನಲ್ಲೇ ಇವೆ, ನೋಡೋಕಾಗಲ್ಲ ಅಷ್ಟೆ.