ಯೂಟಾ ಪಶ್ಚಿಮ ಮರುಭೂಮಿ: ಮಕ್ಕಳ ಜೊತೆ ಟ್ರೈಲೊಬೈಟ್, ಟೋಪಾಜ್, ಜಿಯೋಡ್ ಹುಡುಕೋಕೆ ಎರಡು ದಿನ ಸಾಕಾ?

ಮರಳುದಾರಿ:
ಮೇ ಕೊನೆಯ ವಾರ ಯೂಟಾದ ಡೆಲ್ಟಾ ಊರಿನಲ್ಲಿ ಎರಡು ರಾತ್ರಿ ಉಳಿಯುವ ಯೋಚನೆ. ಮಕ್ಕಳಿಗೆ 6 ಮತ್ತು 10 ವರ್ಷ. ಗಾಡಿ ಸಾಧಾರಣ ಕ್ರಾಸ್ಓವರ್, ಫೋರ್ ವೀಲ್ ಡ್ರೈವ್ ಇಲ್ಲ. ಪಟ್ಟಿಯಲ್ಲಿರುವುದು ವೀಲರ್ ಶೇಲ್ ಅನ್ನುವ ಪದರು ಪದರಾದ ಕಲ್ಲಿನಲ್ಲಿ ಸಿಗುವ ಟ್ರೈಲೊಬೈಟ್ (ಪುರಾತನ ಸಮುದ್ರಜೀವಿಯ ಪಳೆಯುಳಿಕೆ), ಟೋಪಾಜ್ ಹರಳು ಸಿಗುವ ಟೋಪಾಜ್ ಬೆಟ್ಟ, ಡಗ್‌ವೇ ಜಿಯೋಡ್ (ಒಳಗೆ ಹರಳಿರುವ ಪೊಳ್ಳು ಕಲ್ಲಿನ ಉಂಡೆ). ಯಾವುದು ಮೊದಲು, ಯಾವುದನ್ನು ಬಿಡಬಹುದು? ಸುತ್ತಿಗೆ, ಉಳಿ ಎಂಥದ್ದು ಬೇಕು? ಸರ್ಕಾರಿ ಜಾಗದಿಂದ ಎಷ್ಟು ತರಬಹುದು ಅನ್ನೋದರ ಬಗ್ಗೆ ಒಬ್ಬೊಬ್ಬರು ಒಂದೊಂದು ಹೇಳ್ತಾರೆ. ಗೊತ್ತಿರುವವರು ದಯವಿಟ್ಟು ಬಿಡಿಸಿ ಹೇಳಿ.

ಪದರಗಲ್ಲು:
ಟ್ರೈಲೊಬೈಟ್ ಮೊದಲು, ಅದರಲ್ಲಿ ಎರಡು ಮಾತಿಲ್ಲ. ಚಿಕ್ಕ ಮಕ್ಕಳಿಗೆ ಮೊದಲ ಒಂದು ಗಂಟೆಯೊಳಗೆ ಏನಾದರೂ ಕೈಗೆ ಸಿಗಬೇಕು, ಇಲ್ಲದಿದ್ದರೆ ಆಮೇಲೆ ಅವರು ಕಾರಿನ ನೆರಳು ಬಿಟ್ಟು ಬರುವುದಿಲ್ಲ. ಡೆಲ್ಟಾದ ಪಶ್ಚಿಮಕ್ಕೆ ಸುಮಾರು 50 ಮೈಲಿ ದೂರದ ಹೌಸ್ ರೇಂಜ್ ಬೆಟ್ಟಸಾಲಿನಲ್ಲಿ ಯು-ಡಿಗ್ ಫಾಸಿಲ್ಸ್ ಅಂತ ಹಣ ಕೊಟ್ಟು ಅಗೆಯುವ ಕ್ವಾರಿ ಇದೆ. ಸುತ್ತಿಗೆ, ಬಕೆಟ್ ಅವರೇ ಕೊಡುತ್ತಾರೆ. ಚಳಿಗಾಲದಲ್ಲಿ ಮುಚ್ಚಿರುತ್ತದೆ, ಮೇನಲ್ಲಿ ತೆರೆದಿರುತ್ತದೆ. ಆದರೂ ಯಾವ ವಾರ, ಎಷ್ಟು ಹೊತ್ತಿಗೆ ಅನ್ನುವುದನ್ನು ಹೊರಡುವ ಮೊದಲು ಕೇಳಿಕೊಳ್ಳಿ. ಕೊನೆಯ 20 ಮೈಲಿ ಜಲ್ಲಿ ರಸ್ತೆ. ಒಣಗಿದ್ದರೆ ನಿಮ್ಮ ಗಾಡಿ ಆರಾಮಾಗಿ ಹೋಗುತ್ತದೆ.

ಅಲ್ಲಿ ಹೇರಳವಾಗಿ ಸಿಗುವುದು ಎಲ್ರೇಥಿಯಾ ಕಿಂಗೈ, 50 ಕೋಟಿ ವರ್ಷಕ್ಕೂ ಹಳೆಯದು. ಈ ಜಾತಿ ಕಲ್ಲಿನಿಂದ ಇಡಿಯಾಗಿ ಬಿಡಿಸಿಕೊಂಡು ಬರುವುದಕ್ಕೆ ಕಾರಣ ಇದೆ. ಹೊಟ್ಟೆಯ ಕಡೆ ಕ್ಯಾಲ್ಸೈಟ್ ಅನ್ನುವ ಖನಿಜ ದಪ್ಪಗೆ ಬೆಳೆದು ಗುಂಡಿಯ ಹಾಗೆ ಗಟ್ಟಿಯಾಗಿರುತ್ತದೆ. ಹಾಗಾಗಿ ಸುತ್ತಲಿನ ಶೇಲ್ ಸವೆದರೂ ಪ್ರಾಣಿ ಉಳಿಯುತ್ತದೆ. ಮಕ್ಕಳನ್ನು ಮೊದಲು ಹಳೆಯ ಚೂರಿನ ರಾಶಿಯ ಅಂಚಿನಲ್ಲಿ ಕೂರಿಸಿ. ಅಲ್ಲಿ ಬಿಡಿ ಟ್ರೈಲೊಬೈಟ್‌ಗಳು ಉದುರಿರುತ್ತವೆ, ಸುತ್ತಿಗೆಯೇ ಬೇಡ. ಹೆಚ್ಚಿನವು ಮಗುಚಿ ಬಿದ್ದಿರುತ್ತವೆ. ಮೇಲೆ ಕಾಣುವುದು ಚಪ್ಪಟೆಯಾದ ಕಪ್ಪು ಅಂಡಾಕಾರ ಮಾತ್ರ, ತಿರುಗಿಸಿದರೆ ಪಕ್ಕೆಲುಬಿನ ಸಾಲು ಕಾಣುತ್ತದೆ. ಕೆನ್ನೆಯ ಭಾಗ ಇಲ್ಲದವು ಬಹಳ ಸಿಗುತ್ತವೆ. ಎಷ್ಟೋ ಸಲ ಅದು ಪ್ರಾಣಿ ಕಳಚಿ ಬಿಟ್ಟ ಚಿಪ್ಪು, ನೀವು ಮುರಿದದ್ದಲ್ಲ.

ಪದರ ಬಿಡಿಸುವ ಕೆಲಸ ಹೀಗೆ. ಬಂಡೆಯ ಹಲಗೆಯನ್ನು ನೆಲದ ಮೇಲೆ ಮಲಗಿಸಬೇಡಿ. ಪದರಗಳು ನೇರ ನಿಲ್ಲುವ ಹಾಗೆ ಅಂಚಿನ ಮೇಲೆ ನಿಲ್ಲಿಸಿ, ಎರಡು ಪಾದಗಳ ನಡುವೆ ಆನಿಸಿಕೊಳ್ಳಿ. 2 ಅಥವಾ 3 ಇಂಚು ಅಗಲದ ತೆಳು ಬಾಯಿಯ ಉಳಿಯನ್ನು ಮೇಲಿನ ಅಂಚಿಗೆ ಇಟ್ಟು ಮೆಲ್ಲಗೆ ತಟ್ಟುತ್ತಾ ಆ ತುದಿಯಿಂದ ಈ ತುದಿಗೆ ಸಾಗಿ. ಒಂದೇ ಕಡೆ ಜೋರಾಗಿ ಹೊಡೆದರೆ ಬಿರುಕು ಪದರ ಬಿಟ್ಟು ಅಡ್ಡಕ್ಕೆ ಓಡುತ್ತದೆ, ಟ್ರೈಲೊಬೈಟ್ ಇದ್ದರೆ ಎರಡು ತುಂಡು. ಪ್ರತಿ ಸಲವೂ ಹಲಗೆಯ ದಪ್ಪದ ನಡುಮಧ್ಯಕ್ಕೇ ಉಳಿ ಇಡಿ. 4 ಇಂಚಿನದನ್ನು ಎರಡೆರಡು ಇಂಚಾಗಿ, ಅದನ್ನು ಒಂದೊಂದು ಇಂಚಾಗಿ ಸೀಳಿ. ಅಂಚಿನಿಂದ ತೆಳು ಹಾಳೆ ಎಬ್ಬಿಸಲು ಹೋದರೆ ತೆಳು ಕಡೆ ಬಾಗಿ ಪುಡಿಯಾಗುತ್ತದೆ. ಬಿಚ್ಚಿದ ಮೇಲೆ ಎರಡೂ ಮುಖ ನೋಡಿ. ಒಂದರಲ್ಲಿ ಉಬ್ಬು, ಇನ್ನೊಂದರಲ್ಲಿ ಅಚ್ಚು ಇರುತ್ತದೆ. ಎರಡನ್ನೂ ಒಟ್ಟಿಗೆ ಕಟ್ಟಿ. ಸಾಸಿವೆಗಿಂತ ಸ್ವಲ್ಪ ದೊಡ್ಡದಾಗಿ, ಎರಡು ತುದಿಯೂ ಒಂದೇ ಥರ ದುಂಡಗಿರುವ ಚುಕ್ಕೆ ಕಂಡರೆ ಬಿಸಾಡಬೇಡಿ, ಅದು ಅಗ್ನಾಸ್ಟಿಡ್ ಅನ್ನುವ ಪುಟ್ಟ ಜಾತಿಯ ಪಳೆಯುಳಿಕೆ. 10 ವರ್ಷದ ಕಣ್ಣಿಗೆ ನಮ್ಮ ಕಣ್ಣಿಗಿಂತ ಬೇಗ ಬೀಳುತ್ತದೆ.

ಸಾಮಾನು: ದೊಡ್ಡವರಿಗೆ 2 ರಿಂದ 3 ಪೌಂಡಿನ ಗಿಡ್ಡ ಹಿಡಿಯ ಸುತ್ತಿಗೆ, ಮಕ್ಕಳಿಗೆ 1 ಪೌಂಡಿನದು. ಮನೆಯಲ್ಲಿ ಮೊಳೆ ಹೊಡೆಯುವ ಬಡಗಿ ಸುತ್ತಿಗೆ ಬೇಡ. ಅದರ ಮುಖ ಕಲ್ಲಿಗೆ, ಉಳಿಗೆ ಮಾಡಿದ್ದಲ್ಲ, ಉಕ್ಕಿನ ಚೂರು ಸಿಡಿಯುತ್ತದೆ. ಒಂದು ಸುತ್ತಿಗೆಯ ಮೇಲೆ ಇನ್ನೊಂದರಿಂದ ಹೊಡೆಯುವುದಂತೂ ಬೇಡವೇ ಬೇಡ. ಉಳಿಯ ತಲೆ ಹೂವಿನಂತೆ ಅರಳಿದ್ದರೆ ಅಂಚು ಉಜ್ಜಿ ಸಮ ಮಾಡಿಕೊಂಡು ಹೋಗಿ. ಕನ್ನಡಕ ಹೊಡೆಯುವವರಿಗೆ ಮಾತ್ರ ಅಲ್ಲ, ಪಕ್ಕದಲ್ಲಿ ಕೂತು ನೋಡುವವರಿಗೂ ಬೇಕು. Z87 (ಕಣ್ಣಿನ ರಕ್ಷಣೆಯ ಮಾನದಂಡ) ಗುರುತು ನೋಡಿ ತೆಗೆದುಕೊಳ್ಳಿ. ಮಕ್ಕಳ ಮುಖಕ್ಕೆ ಸರಿಹೊಂದುವ ಚಿಕ್ಕ ಅಳತೆಯದೇ ಬೇಕು, ದೊಡ್ಡವರದು ಜಾರಿ ಮೂಗಿನ ಮೇಲೆ ಬರುತ್ತದೆ.

ನಕ್ಷೆಸಂಗ್ರಹ:
ಎಷ್ಟು ತರಬಹುದು ಅನ್ನುವ ಪ್ರಶ್ನೆಗೆ ಒಂದೇ ಉತ್ತರ ಇಲ್ಲ. ನೀವು ನಿಂತ ನೆಲ ಯಾರದು ಅನ್ನುವುದರ ಮೇಲೆ ಹೋಗುತ್ತದೆ. ಅದಕ್ಕೇ ಒಬ್ಬೊಬ್ಬರು ಒಂದೊಂದು ಹೇಳುವುದು.

ಹಣ ಕೊಟ್ಟು ಹೋಗುವ ಕ್ವಾರಿಯಲ್ಲಿ ಅವರ ನಿಯಮ. ಬಿಎಲ್‌ಎಂ (ಅಮೆರಿಕದ ಕೇಂದ್ರ ಸರ್ಕಾರದ ಭೂನಿರ್ವಹಣಾ ಇಲಾಖೆ) ನೆಲದಲ್ಲಿ ಮೂರು ಬೇರೆ ಬೇರೆ ಲೆಕ್ಕ. ಬೆನ್ನೆಲುಬಿಲ್ಲದ ಪ್ರಾಣಿಗಳ ಮತ್ತು ಗಿಡಗಳ ಸಾಮಾನ್ಯ ಪಳೆಯುಳಿಕೆಗಳನ್ನು ಸ್ವಂತಕ್ಕೆ ಅಂತ ಪರ್ಮಿಟ್ ಇಲ್ಲದೆ ಒಬ್ಬರು ದಿನಕ್ಕೆ 25 ಪೌಂಡ್, ವರ್ಷಕ್ಕೆ 100 ಪೌಂಡ್ ಆರಿಸಿಕೊಳ್ಳಬಹುದು. ಕೈಯಲ್ಲಿ ಹಿಡಿಯುವ ಸಾಮಾನು ಮಾತ್ರ, ಯಂತ್ರ ಇಲ್ಲ, ನೆಲವನ್ನು ಹೆಚ್ಚು ಕೆದಕುವಂತಿಲ್ಲ. ಕಲ್ಲಾದ ಮರ ದಿನಕ್ಕೆ 25 ಪೌಂಡ್ ಜೊತೆಗೆ ಒಂದು ತುಂಡು, ವರ್ಷಕ್ಕೆ 250 ಪೌಂಡ್. ಜನ ಈ 250ನ್ನು ಟ್ರೈಲೊಬೈಟಿಗೂ ಹಚ್ಚಿ ಗೊಂದಲ ಮಾಡಿಕೊಳ್ಳುತ್ತಾರೆ. ಮೂರನೆಯದು ಮೂಳೆ, ಹಲ್ಲು, ಮೀನು, ಹೆಜ್ಜೆಗುರುತು, ಅಂದರೆ ಬೆನ್ನೆಲುಬಿನ ಪ್ರಾಣಿಯದು ಏನೇ ಆಗಲಿ: ಪರ್ಮಿಟ್ ಇಲ್ಲದೆ ಒಂದು ಚೂರೂ ಎತ್ತುವಂತಿಲ್ಲ. 2009ರ ಪಳೆಯುಳಿಕೆ ಸಂರಕ್ಷಣಾ ಕಾಯ್ದೆ ಇದನ್ನೇ ಹೇಳುವುದು. ಕಂಡರೆ ಫೋಟೊ, ಜಿಪಿಎಸ್ ಅಂಕಿ ತೆಗೆದು ಬಿಎಲ್‌ಎಂ ಕಚೇರಿಗೆ ತಿಳಿಸಿ. ಹೀಗೆ ಪರ್ಮಿಟ್ ಇಲ್ಲದೆ ತಂದ ಪಳೆಯುಳಿಕೆಯನ್ನಾಗಲಿ ಕಲ್ಲಾದ ಮರವನ್ನಾಗಲಿ ಮಾರುವಂತಿಲ್ಲ.

ಯೂಟಾದಲ್ಲಿ ತೊಡಕಾಗುವುದು ಸ್ಟೇಟ್ ಟ್ರಸ್ಟ್ ಲ್ಯಾಂಡ್, ಅಂದರೆ ರಾಜ್ಯದ ಟ್ರಸ್ಟಿಗೆ ಸೇರಿದ ನೆಲ. ಬಿಎಲ್‌ಎಂ ನೆಲದ ನಡುವೆ ಚದುರಂಗದ ಮನೆಗಳಂತೆ ಒಂದೊಂದು ಚದರ ಮೈಲಿಯ ತುಂಡುಗಳು ಹರಡಿವೆ. ಬೇಲಿ ಇಲ್ಲ, ಬೋರ್ಡ್ ಇಲ್ಲ. ಅಲ್ಲಿ ಕಲ್ಲು ಆರಿಸಲು ಟ್ರಸ್ಟ್ ಲ್ಯಾಂಡ್ ಕಚೇರಿಯ ಪರ್ಮಿಟ್ ಬೇಕು. ಭೂಒಡೆತನದ ಬಣ್ಣ ತೋರಿಸುವ ನಕ್ಷೆ ಫೋನಿಗೆ ಇಳಿಸಿಕೊಳ್ಳಿ: ಹಳದಿ ಬಿಎಲ್‌ಎಂ, ತಿಳಿ ನೀಲಿ ರಾಜ್ಯದ್ದು, ಬಿಳಿ ಖಾಸಗಿ. ಇಷ್ಟು ಸಾಲದು, ಹಳದಿ ನೆಲದ ಮೇಲೂ ಮೈನಿಂಗ್ ಕ್ಲೇಮ್ (ಗಣಿ ಮಾಡುವ ಹಕ್ಕು) ಇರಬಹುದು. ಮೂಲೆಗಳಲ್ಲಿ ಕಂಬ ಅಥವಾ ಕಲ್ಲಿನ ಗುಡ್ಡೆ ಕಂಡರೆ ಅದು ಬೇರೆಯವರ ಹಕ್ಕು, ಒಪ್ಪಿಗೆ ಇಲ್ಲದೆ ಆ ಖನಿಜ ಮುಟ್ಟಬೇಡಿ.

ಇನ್ನೊಂದು. ಡೆಲ್ಟಾದ ಹತ್ತಿರವೇ ಟೋಪಾಜ್ ಶಿಬಿರದ ಜಾಗ ಇದೆ. ಎರಡನೆಯ ಮಹಾಯುದ್ಧದಲ್ಲಿ ಜಪಾನಿ ಮೂಲದ ಅಮೆರಿಕನ್ನರನ್ನು 1942ರಿಂದ 1945ರವರೆಗೆ ಕೂಡಿಹಾಕಿದ್ದು ಅಲ್ಲೇ. ಬೆಟ್ಟದ ಹೆಸರೇ ಶಿಬಿರಕ್ಕೂ ಬಂದಿದ್ದರಿಂದ ಕೆಲವರು ಟೋಪಾಜ್ ಅಲ್ಲಿ ಸಿಗುತ್ತದೆ ಅಂದುಕೊಂಡು ಇಳಿಯುತ್ತಾರೆ. ಅದು ರಾಷ್ಟ್ರೀಯ ಐತಿಹಾಸಿಕ ಹೆಗ್ಗುರುತು ಅಂತ ಘೋಷಿಸಿದ ನೆಲ. ತುಕ್ಕು ಹಿಡಿದ ಮೊಳೆ, ಪಿಂಗಾಣಿ ಚೂರು ಕೂಡ ಇದ್ದಲ್ಲೇ ಇರಬೇಕು. ಮಕ್ಕಳಿಗೆ ನಡೆದು ತೋರಿಸಿ, ಕೈ ಜೇಬಿನಲ್ಲಿರಲಿ.

ಬಿಸಿಲುಕಲ್ಲು:
ಎರಡನೇ ದಿನಕ್ಕೆ ಟೋಪಾಜ್ ಬೆಟ್ಟ ಇಟ್ಟುಕೊಳ್ಳಿ. ಡೆಲ್ಟಾದಿಂದ ಬ್ರಶ್ ವೆಲ್‌ಮನ್ ರಸ್ತೆ ಹಿಡಿದರೆ ಬಹುಪಾಲು ಡಾಂಬರು, ಕೊನೆಗೆ ಮಾತ್ರ ಜಲ್ಲಿ. ಬೂದು ಬಣ್ಣದ ರಯೋಲೈಟ್ ಅನ್ನುವ ಜ್ವಾಲಾಮುಖಿ ಬಂಡೆಯ ಪೊಳ್ಳುಗಳಲ್ಲಿ ಟೋಪಾಜ್ ಬೆಳೆದಿರುತ್ತದೆ. ಬಂಡೆ ಒಡೆಯುವುದು ದೊಡ್ಡವರ ಕೆಲಸ, ಕೈ ಜುಮ್ಮೆನ್ನುತ್ತದೆ, ಸಿಕ್ಕಿದ್ದರಲ್ಲಿ ಅರ್ಧ ಮುರಿಯುತ್ತದೆ. ಯಾಕೆಂದರೆ ಟೋಪಾಜ್ ಗಡಸುತನದ 10ರ ಅಳತೆಯಲ್ಲಿ 8 ಆದರೂ ಅಡ್ಡಕ್ಕೆ ಒಂದು ಸೀಳುಮುಖ ಇದೆ, ಪೆಟ್ಟು ಬಿದ್ದರೆ ಅಲ್ಲೇ ಕತ್ತರಿಸಿದಂತೆ ತುಂಡಾಗುತ್ತದೆ. ಮಕ್ಕಳಿಗೆ ಒಣ ಹಳ್ಳದ ತಳವೇ ಸರಿ. ಬೆಳಗ್ಗೆ ಅಥವಾ ಸಂಜೆ ಬಿಸಿಲು ಓರೆಯಾಗಿರುವಾಗ ಸೂರ್ಯನ ಕಡೆಗೆ ಮುಖ ಮಾಡಿ ನಿಧಾನವಾಗಿ ನಡೆದರೆ ಹರಳು ಮಿಂಚುತ್ತದೆ. ನೆತ್ತಿಯ ಬಿಸಿಲಲ್ಲಿ ಏನೂ ಕಾಣುವುದಿಲ್ಲ. ಮಳೆ ಬಂದು ಒಂದೆರಡು ದಿನವಾಗಿದ್ದರೆ ಅದೃಷ್ಟ.

ಹಳ್ಳದಲ್ಲಿ ಸಿಗುವವು ನೀರಿನಂತೆ ತಿಳಿ, ಬಂಡೆಯೊಳಗಿನವು ಜೇನಿನ ಬಣ್ಣ. ಜೇನು ಬಣ್ಣ ಬಿಸಿಲಿಗೆ ನಿಲ್ಲುವುದಿಲ್ಲ, ಹೊರಗಿಟ್ಟರೆ ಬಿಳಿಚಿಕೊಳ್ಳುತ್ತದೆ. ಸಿಕ್ಕ ಕೂಡಲೇ ಕಪ್ಪು ಬಟ್ಟೆಯಲ್ಲಿ ಸುತ್ತಿ ಡಬ್ಬಿಗೆ ಹಾಕಿ. ಮನೆಯಲ್ಲೂ ಕಿಟಕಿ ಹತ್ತಿರ ಇಡಬೇಡಿ. ಕ್ವಾರ್ಟ್ಜ್ ಅಲ್ಲ ಅಂತ ಹೇಗೆ ಗೊತ್ತು? ಉದ್ದಕ್ಕೆ ಗೀರುಗಳಿದ್ದರೆ ಟೋಪಾಜ್, ಅಡ್ಡಡ್ಡ ಗೀರಿದ್ದರೆ ಕ್ವಾರ್ಟ್ಜ್. ಮುರಿದ ಬುಡ ಕನ್ನಡಿಯಂತೆ ಚಪ್ಪಟೆಯಾಗಿದ್ದರೆ ಸಂಶಯವೇ ಬೇಡ.

ಡಗ್‌ವೇ ಈ ಸಲ ಬಿಡಿ. ಜಿಯೋಡ್‌ಗಳು ಹುಟ್ಟಿದ್ದು ರಯೋಲೈಟ್‌ನಲ್ಲಿ. ಬಾನೆವಿಲ್ ಅನ್ನುವ ಹಿಂದಿನ ಕಾಲದ ಮಹಾಸರೋವರ ಅವನ್ನು ಬಿಡಿಸಿ ತಂದು ಮಣ್ಣಿನಲ್ಲಿ ಹೂತಿದೆ. ಅಂದರೆ ಕೆಲವು ಅಡಿ ಆಳ ಹಾರೆ, ಗುದ್ದಲಿ ಹಾಕಿ ಅಗೆಯಬೇಕು. 6 ವರ್ಷದ ಮಗುವಿಗೆ ಅದು ಅಪ್ಪ ಅಮ್ಮ ಗುಂಡಿ ತೋಡುವುದನ್ನು ನೋಡುವ ಕಾರ್ಯಕ್ರಮ ಅಷ್ಟೇ. ಬದಲಿಗೆ ವಾಪಸ್ ಬರುವಾಗ ಸನ್‌ಸ್ಟೋನ್ ನಾಲ್‌ಗೆ ಹೋಗಿ. ಡೆಸೆರೆಟ್ ಊರಿನ ದಕ್ಷಿಣಕ್ಕೆ 257ನೇ ಹೆದ್ದಾರಿಯ ಪಕ್ಕದ ಗುಡ್ಡ. ಸನ್‌ಸ್ಟೋನ್ ಅಂತ ಕರೆಯುವ ತಿಳಿ ಹಳದಿ ಲ್ಯಾಬ್ರಡೊರೈಟ್ ಹರಳುಗಳು ಮಣ್ಣಿನ ಮೇಲೇ ಹೊಳೆಯುತ್ತಿರುತ್ತವೆ. ಸುತ್ತಿಗೆ ಕಾರಿನಲ್ಲೇ ಇರಲಿ.

ಪದರಗಲ್ಲು:
ಡಗ್‌ವೇ ಪೂರ್ತಿ ಬೇಡ ಅನ್ನುವುದನ್ನು ನಾನು ಒಪ್ಪಲ್ಲ. ಹಳೆಯ ಗುಂಡಿಗಳ ಹೊರಗೆ ಎಸೆದ ಮಣ್ಣಿನ ಗುಡ್ಡೆಯಲ್ಲಿ ಅರ್ಧ ಒಡೆದ ಜಿಯೋಡ್‌ಗಳು ಮಕ್ಕಳಿಗೆ ಸಾಕಷ್ಟು ಸಿಗುತ್ತವೆ. ಆದರೆ ಎರಡೇ ದಿನದಲ್ಲಿ ಆ ದೂರ ತುರುಕಬೇಡಿ, ಅಷ್ಟರ ಮಟ್ಟಿಗೆ ಸರಿ. ಮುಂದೆ ಯಾವತ್ತಾದರೂ ಹೋದರೆ ಎರಡು ಎಚ್ಚರ. ಗುಂಡಿಯ ಗೋಡೆಯನ್ನು ಕೆಳಗಿನಿಂದ ಕೊರೆದು ಒಳಗೆ ತೂರಬಾರದು, ಜೇಡಿಮಣ್ಣು ಸದ್ದಿಲ್ಲದೆ ಕುಸಿಯುತ್ತದೆ. ಉತ್ತರಕ್ಕೆ ಸೇನೆಯ ಪರೀಕ್ಷಾ ನೆಲ ಇದೆ, ಬೋರ್ಡ್ ದಾಟಬೇಡಿ, ಗುರುತು ಸಿಗದ ಲೋಹದ ವಸ್ತು ಮುಟ್ಟಬೇಡಿ.

ಮರಳುದಾರಿ:
ತುಂಬಾ ಉಪಕಾರ. ಹಾಗಿದ್ದರೆ ಮೊದಲ ದಿನ ಕ್ವಾರಿ, ಎರಡನೇ ದಿನ ಟೋಪಾಜ್ ಬೆಟ್ಟ, ಸನ್‌ಸ್ಟೋನ್. ತಂದ ಟ್ರೈಲೊಬೈಟ್ ತೊಳೆಯುವುದು ಹೇಗೆ? ವಿನೆಗರ್‌ನಲ್ಲಿ ನೆನೆಸಿ ಅಂತ ಒಂದು ವಿಡಿಯೊದಲ್ಲಿತ್ತು.

ಸೂಜಿಮೊನೆ:
ವಿನೆಗರ್ ಹತ್ತಿರಕ್ಕೂ ತರಬೇಡಿ. ಮೇಲೆ ಹೇಳಿದ ಕ್ಯಾಲ್ಸೈಟ್ ಅದರಲ್ಲಿ ಗುಳ್ಳೆಯೆದ್ದು ಕರಗುತ್ತದೆ. ಮೊದಲು ಹೋಗುವುದು ಕಣ್ಣು, ಅಂಚಿನ ಮುಳ್ಳು. ಒಣಗಿದ ಮೆತ್ತನೆಯ ಹಲ್ಲುಜ್ಜುವ ಬ್ರಷ್, ಹಿಡಿಕೆಗೆ ಸಿಕ್ಕಿಸಿದ ಹೊಲಿಗೆ ಸೂಜಿ, ಒಂದು ಭೂತಗನ್ನಡಿ ಸಾಕು. ಸೂಜಿಯನ್ನು ಟ್ರೈಲೊಬೈಟ್ ಕಡೆಗೆ ತಳ್ಳಬೇಡಿ. ಅಂಚಿನಿಂದ ಹೊರಕ್ಕೆ ಶೇಲ್ ಎಬ್ಬಿಸಿ. ಜಾರಿದರೂ ಗೀರು ಕಲ್ಲಿಗೆ ಬೀಳುತ್ತದೆ. ಮುಖಕ್ಕೆ ಮಾಸ್ಕ್ ಇರಲಿ, ಧೂಳನ್ನು ಬಾಯಿಯಿಂದ ಊದಬೇಡಿ.

ಪದರ ಉದುರುತ್ತಿದ್ದರೆ ಪ್ಯಾರಲಾಯ್ಡ್ ಬಿ-72 ಅನ್ನುವ ಪ್ಲಾಸ್ಟಿಕ್ ರಾಳ ಹಚ್ಚಿ. 100 ಮಿಲಿ ಅಸಿಟೋನ್‌ಗೆ 5 ಗ್ರಾಂ ಕಾಳು, ಗಾಜಿನ ಶೀಸೆಯಲ್ಲಿ. ಕಾಳು ತಳಕ್ಕೆ ಅಂಟಿಕೊಳ್ಳುತ್ತದೆ, ಆಗಾಗ ಅಲುಗಾಡಿಸುತ್ತಾ ಪೂರ್ತಿ ಕರಗುವವರೆಗೆ ಕಾಯಿರಿ. ತೆಳುವಾಗಿ ಬ್ರಷ್‌ನಲ್ಲಿ ಹಚ್ಚಿ, ಒಣಗಲು ಬಿಡಿ, ಬೇಕಾದರೆ ಇನ್ನೊಂದು ಸಲ. ಹೊಳಪು ಬಂದರೆ ಹೆಚ್ಚಾಗಿದೆ ಅಂತ ಅರ್ಥ, ಬರೀ ಅಸಿಟೋನ್ ಒರೆಸಿದರೆ ಹೋಗುತ್ತದೆ. ಇದು ದೊಡ್ಡವರು ಕಿಟಕಿ ತೆರೆದು, ಬೆಂಕಿ ಇಲ್ಲದ ಕಡೆ ಮಾಡುವ ಕೆಲಸ. ನೇಲ್ ಪಾಲಿಶ್, ವಾರ್ನಿಶ್ ಬೇಡ. ವರ್ಷ ಕಳೆದಂತೆ ಹಳದಿಯಾಗುತ್ತದೆ.

ಜಾಗದಲ್ಲೇ ಸುತ್ತಿಡುವುದು ಮುಖ್ಯ. ಟಾಯ್ಲೆಟ್ ಪೇಪರ್ ಎರಡು ಸುತ್ತು, ಮೇಲೆ ನ್ಯೂಸ್ ಪೇಪರ್. ಬಿಡಿ ಟ್ರೈಲೊಬೈಟ್‌ಗಳಿಗೆ ಮೊಟ್ಟೆಯ ಟ್ರೇ. ಪ್ರತಿ ಪೊಟ್ಟಣದೊಳಗೆ ಪೆನ್ಸಿಲ್‌ನಲ್ಲಿ ಜಾಗ, ತಾರೀಖು, ಯಾರಿಗೆ ಸಿಕ್ಕಿತು ಬರೆದ ಚೀಟಿ. ಕೊನೆಯದನ್ನು ಬಿಟ್ಟರೆ ವಾಪಸ್ ದಾರಿಯಲ್ಲಿ ಹಿಂದಿನ ಸೀಟಿನಲ್ಲಿ ಯುದ್ಧ.

ನಕ್ಷೆಸಂಗ್ರಹ:
ದಾರಿಯ ವಿಷಯ ಯಾರೂ ಎತ್ತಲಿಲ್ಲ. ಕ್ವಾರಿ ಕಡೆ ಹೋಗುವಾಗ ಡೆಲ್ಟಾ, ಹಿಂಕ್ಲಿ ದಾಟಿದರೆ ನೆವಾಡಾ ಗಡಿಯವರೆಗೂ ಪೆಟ್ರೋಲ್ ಬಂಕ್ ಇಲ್ಲ, ಟ್ಯಾಂಕ್ ತುಂಬಿಸಿಯೇ ಹೊರಡಿ. ಫೋನ್ ಸಿಗ್ನಲ್ ನಂಬಬೇಡಿ, ನಕ್ಷೆ ಮೊದಲೇ ಇಳಿಸಿರಲಿ, ಯಾವ ದಾರಿ, ಎಷ್ಟು ಹೊತ್ತಿಗೆ ವಾಪಸ್ ಅಂತ ಒಬ್ಬರಿಗೆ ಬರೆದು ಕೊಡಿ. ನೀರು ತಲೆಗೆ ದಿನಕ್ಕೆ 1 ಗ್ಯಾಲನ್, ಗಾಡಿಯಲ್ಲಿ ಇನ್ನೊಂದು ದಿನದ್ದು. ಬರೀ ನೀರು ಕುಡಿಸುತ್ತಲೇ ಇರಬೇಡಿ, ಉಪ್ಪಿನ ತಿಂಡಿಯೂ ಕೊಡಿ.

ಚೂಪು ಜಲ್ಲಿ ಟೈರಿನ ಪಕ್ಕೆ ಸೀಳುತ್ತದೆ. ಎಷ್ಟೋ ಕ್ರಾಸ್ಓವರ್‌ಗಳಲ್ಲಿ ಸ್ಟೆಪ್ನಿ ಬದಲು ಪಂಕ್ಚರ್ ದ್ರವದ ಡಬ್ಬಿ ಮಾತ್ರ ಇರುತ್ತದೆ, ಪಕ್ಕೆ ಸೀಳಿದರೆ ಅದು ಕೆಲಸಕ್ಕೆ ಬರುವುದಿಲ್ಲ. ಹಿಂದಿನ ಚಾಪೆ ಎತ್ತಿ ಈಗಲೇ ನೋಡಿಕೊಳ್ಳಿ. ಹಿಂದಿನ ರಾತ್ರಿ ಜೋರು ಮಳೆಯಾಗಿದ್ದರೆ ಆ ದಿನ ಡಾಂಬರಿನಲ್ಲೇ ಇರಿ. ಇಲ್ಲಿನ ಜೇಡಿಮಣ್ಣು ಒದ್ದೆಯಾದರೆ ಫೋರ್ ವೀಲ್ ಡ್ರೈವ್ ಕೂಡ ಜಾರುತ್ತದೆ. ಹಳೆಯ ಗಣಿಯ ಬಾಯಿ ಕಂಡರೆ ಇಣುಕುವುದೂ ಬೇಡ. ಕಲ್ಲು ಮಗುಚುವಾಗ ಬೆರಳು ಕೆಳಗೆ ಹಾಕದೆ, ದೂರದ ಅಂಚನ್ನು ಹಾರೆಯಿಂದ ತಮ್ಮ ಕಡೆಗೆ ಎತ್ತಲು ಮಕ್ಕಳಿಗೆ ಕಲಿಸಿ. ಅಡಿಯಲ್ಲಿ ಚೇಳೋ ಹಾವೋ ಇದ್ದರೆ ಆಚೆ ಕಡೆಗೆ ಓಡುತ್ತದೆ, ನಡುವೆ ಕಲ್ಲು ಅಡ್ಡ ಇರುತ್ತದೆ.