ದೀದಿ ಎಂದರೆ ತಮ್ಮ

ಬರುವ ಬೇಸಿಗೆಗೆ ಶಾಂಘೈಗೆ ಹೊರಟಿರುವ ದಂಪತಿ ನಮ್ಮ ಗುಂಪಿನಲ್ಲಿ ಕೇಳಿದ್ದು ಎರಡೇ ಮಾತು: ಅಲ್ಲಿನ ಜನ ಹೇಗೆ, ಮತ್ತು ಐದು ವರ್ಷದ ಮಗ ಚೀನೀ ಭಾಷೆಯ ನಡುವೆ ಕನ್ನಡ ಮರೆತುಬಿಡುತ್ತಾನೆಯೇ? ಬಾಡಿಗೆ, ಶಾಲೆಯ ಶುಲ್ಕದ ಬಗ್ಗೆ ಉಳಿದವರು ಆಗಲೇ ಬರೆದಿದ್ದಾರೆ. ನಾನು 2014ರಲ್ಲಿ ವಿದ್ಯಾರ್ಥಿಯಾಗಿ ಶಿಯಾನ್‌ಗೆ ಬಂದವಳು. ಈಗ ಗಂಡ ಮತ್ತು ಮಗಳೊಂದಿಗೆ ಶಾಂಘೈಯಲ್ಲಿದ್ದೇನೆ. ನನ್ನ ಉತ್ತರ ಒಂದು ರೈಲಿನಿಂದ ಶುರುವಾಗುತ್ತದೆ.

ಮೊದಲ ಚಳಿಗಾಲದ ರಜೆಯಲ್ಲಿ ಶಿಯಾನ್‌ನಿಂದ ಚೆಂಗ್ಡುಗೆ ಹೋಗುತ್ತಿದ್ದೆ. 2017ರ ಡಿಸೆಂಬರ್‌ನಲ್ಲಿ ವೇಗದ ರೈಲು ಶುರುವಾದ ಮೇಲೆ ಆ ದಾರಿ ಸುಮಾರು ನಾಲ್ಕು ಗಂಟೆಯದಾಗಿದೆ. ಆಗ ಬೆಟ್ಟಸಾಲು ಹತ್ತಿಳಿದು ಹೋಗುವ ಹಳೆಯ ರೈಲು, ರಾತ್ರಿಯಿಡೀ ಪ್ರಯಾಣ. ಒಂದರ ಮೇಲೊಂದು ಮೂರು ಮಲಗುವ ಹಲಗೆ, ಎದುರಿಗೆ ಮತ್ತೆ ಮೂರು, ನಡುವೆ ಬಾಗಿಲಿಲ್ಲ. ಕೆಳಗಿನ ಹಲಗೆಗೆ ದುಡ್ಡು ಹೆಚ್ಚು, ಆದರೆ ದೀಪ ಆರುವ ತನಕ ಅದು ಊರವರ ಜಗಲಿ. ನನ್ನ ಜಗಲಿಯಲ್ಲಿ ಒಬ್ಬ ಅಜ್ಜಿ, ಆಕೆಯ ನಾಲ್ಕು ವರ್ಷದ ಮೊಮ್ಮಗ ಮತ್ತು ಮೇಲಿನ ಹಲಗೆಯಿಂದ ಇಳಿದು ಬಂದ ಒಬ್ಬ ಗೃಹಸ್ಥ. ಸೂರ್ಯಕಾಂತಿ ಬೀಜದ ಸಿಪ್ಪೆ ಪುಟ್ಟ ಸ್ಟೀಲ್ ತಟ್ಟೆಯಲ್ಲಿ ಗುಡ್ಡೆಯಾಗುತ್ತಿತ್ತು. ಬೋಗಿಯ ತುದಿಯ ಕುದಿನೀರಿನ ನಲ್ಲಿಗೆ ಜನ ನೂಡಲ್ಸ್ ಡಬ್ಬಿ ಹಿಡಿದು ಓಡಾಡುತ್ತಿದ್ದರು.

ಅಜ್ಜಿ ಮೊಮ್ಮಗನಿಗೆ ನನ್ನನ್ನು ತೋರಿಸಿ, "ಜಿಯೆಜಿಯೆ ಎನ್ನು" ಎಂದಳು. ಅಂದರೆ ಅಕ್ಕ. ಗೃಹಸ್ಥ ಒಪ್ಪಲಿಲ್ಲ: ದೊಡ್ಡ ಓದು ಓದುವವಳು, 'ಆಯಿ' ಎನ್ನಬೇಕು, ಅಂದರೆ ಚಿಕ್ಕಮ್ಮ. ನನ್ನ ವಯಸ್ಸು ಕೇಳಿದರು, ಮದುವೆಯಾಗಿದೆಯೇ ಎಂದು ಕೇಳಿದರು, ಹತ್ತು ನಿಮಿಷ ವಾದ ಮಾಡಿ ಅಕ್ಕ ಎಂದೇ ತೀರ್ಮಾನಿಸಿದರು. ನನ್ನ ಚೀನೀ ಆಗ ಅಷ್ಟಕ್ಕಷ್ಟೆ. ಆದರೂ ಈ ವಾದ ಅರ್ಥವಾಗಲು ಯಾರ ನೆರವೂ ಬೇಕಿರಲಿಲ್ಲ. ಶಿರಸಿಯಿಂದ ಹುಬ್ಬಳ್ಳಿಗೆ ಹೋಗುವ ಬಸ್ಸಿನಲ್ಲಿ ಇದನ್ನೇ ಎಷ್ಟು ಸಲ ಕೇಳಿಲ್ಲ!

ಅಲ್ಲಿಂದ ನಾನು ಪದಗಳನ್ನು ಪಟ್ಟಿ ಮಾಡತೊಡಗಿದೆ. ಅಣ್ಣ ಗೆಗೆ, ತಮ್ಮ ದೀದಿ, ತಂಗಿ ಮೇಮೇ. ಅಪ್ಪನ ಅಣ್ಣ ಬೋಬೊ, ತಮ್ಮ ಶೂಶು, ಅಮ್ಮನ ಅಣ್ಣತಮ್ಮಂದಿರು ಜಿಯುಜಿಯು. ನಮ್ಮ ದೊಡ್ಡಪ್ಪ, ಚಿಕ್ಕಪ್ಪ, ಮಾವ ಸಾಲಾಗಿ ಬಂದು ನಿಂತಂತಾಯಿತು. ಇಂಗ್ಲಿಷಿನಲ್ಲಿ ಎಲ್ಲರೂ ಒಂದೇ ಅಂಕಲ್. ಪಟ್ಟಿ ತಪ್ಪಿದ್ದು ಮುಂದಿನ ಪೀಳಿಗೆಯಲ್ಲಿ. ಅಪ್ಪನ ಅಣ್ಣತಮ್ಮಂದಿರ ಮಕ್ಕಳು ಮಾತ್ರ ಒಂದೇ ಮನೆತನದವರು. ಅತ್ತೆಯ, ಮಾವನ, ಚಿಕ್ಕಮ್ಮನ ಮಕ್ಕಳೆಲ್ಲ 'ಬ್ಯಾವೊ', ಹೊರಗಿನವರು. ಚಿಕ್ಕಮ್ಮನ ಮಗಳು ನನಗೆ ತಂಗಿಯೇ, ಮಾವನ ಮಗನಾದರೆ ನಮ್ಮ ಕಡೆ ಮದುವೆಯನ್ನೂ ಆಗಬಹುದಿತ್ತು ಎಂದು ಹಾಸ್ಟೆಲಿನ ಗೆಳತಿಗೆ ಹೇಳಿದಾಗ ಅವಳು ಬಾಯಿಗೆ ಕೈ ಹಿಡಿದಳು. ಚೀನಾದಲ್ಲಿ ಅಂಥ ಮದುವೆ ಕಾನೂನಿಗೆ ವಿರುದ್ಧ.

ಅವಳಿಗೆ ಒಡಹುಟ್ಟಿದವರಿಲ್ಲ. ನಮ್ಮ ತರಗತಿಯ ಚೀನೀ ವಿದ್ಯಾರ್ಥಿಗಳಲ್ಲಿ ಹೆಚ್ಚಿನವರಿಗೆ ಇರಲಿಲ್ಲ. ಒಂದೇ ಮಗುವಿನ ನೀತಿ 1980ರ ಸುಮಾರಿಗೆ ಬಿಗಿಯಾಗಿ, 2016ರ ಆರಂಭದಲ್ಲಷ್ಟೇ ಎರಡು ಮಕ್ಕಳಿಗೆ ಸಡಿಲವಾಯಿತು. ಅಣ್ಣ, ಅಕ್ಕ ಎಂಬ ಪದಗಳೆಲ್ಲ ಬಾಯಲ್ಲಿವೆ, ಕರೆಯಲು ಮನೆಯಲ್ಲಿ ಯಾರೂ ಇಲ್ಲ. ರೈಲಿನಲ್ಲಿ ಸಿಕ್ಕ ಪರದೇಶದ ಹುಡುಗಿಯನ್ನು ಅಕ್ಕ ಮಾಡಿಕೊಳ್ಳುವ ಆತುರ ಇದರಿಂದಲೇ ಇರಬಹುದೇನೋ ಎಂದು ಒಮ್ಮೊಮ್ಮೆ ಅನಿಸುತ್ತದೆ. ನನ್ನ ಊಹೆ ಅಷ್ಟೆ.

ಈಗ ಕನ್ನಡದ ಪ್ರಶ್ನೆ. ನಮ್ಮ ಮಗಳ ಶಿಶುವಿಹಾರದಲ್ಲಿ ಕುಟುಂಬದ ಫೋಟೊ ತಂದು ಒಬ್ಬೊಬ್ಬರನ್ನೂ ಪರಿಚಯಿಸಲು ಹೇಳಿದ್ದರು. ನನ್ನ ತಮ್ಮನ ಫೋಟೊ ತೋರಿಸಿ ಟೀಚರ್ "ಇದು ಶೂಶುವೋ ಜಿಯುಜಿಯುವೋ?" ಎಂದರಂತೆ. ಅವಳು ತಡವರಿಸದೆ "ಜಿಯುಜಿಯು" ಎಂದಳು, ಏಕೆಂದರೆ ಮನೆಯಲ್ಲಿ ಅವನು ಮಾವ. ಕನ್ನಡ ಗೊತ್ತಿದ್ದುದರಿಂದಲೇ ಚೀನೀ ಸರಿಯಾಯಿತು. ನನ್ನ ಅನುಭವದಲ್ಲಿ ಮಗುವಿನ ಕನ್ನಡವನ್ನು ನುಂಗುವುದು ಬೀದಿಯ ಚೀನೀ ಅಲ್ಲ, ಮನೆಯೊಳಗೆ ನಾವು ಗಂಡ ಹೆಂಡತಿ ಆಡುವ ಇಂಗ್ಲಿಷು. ಇದನ್ನು ಒಪ್ಪದವರು ಗುಂಪಿನಲ್ಲಿದ್ದಾರೆ, ಗೊತ್ತು.

ತೊಡಕೂ ಇದೆ. ಮನೆಗೆಲಸಕ್ಕೆ ಬರುವವರನ್ನೂ ಇಲ್ಲಿ 'ಆಯಿ' ಎಂದೇ ಕರೆಯುತ್ತಾರೆ. ನಮ್ಮ ಶಿರಸಿ ಕಡೆಯ ಹವ್ಯಕರಲ್ಲಿ ಆಯಿ ಎಂದರೆ ತಾಯಿ. "ಆಯಿ ಇವತ್ತು ತಲೆ ಬಾಚಿದಳು" ಎಂದು ಮಗಳು ವಿಡಿಯೊ ಕರೆಯಲ್ಲಿ ಹೇಳಿದರೆ ಊರಿನ ಅಜ್ಜಿ, "ನೀನು ಕಚೇರಿಗೆ ಹೋಗಲಿಲ್ಲವೇ?" ಎಂದು ನನ್ನನ್ನು ಕೇಳುತ್ತಾಳೆ. ಕೊನೆಗೆ ನಾನೇ ಸೋತು ಅಮ್ಮ ಆದೆ.

ಆ ವಿಡಿಯೊ ಕರೆಗೂ ಮೊದಲೇ ದಾರಿ ಮಾಡಿಕೊಳ್ಳಿ. ವಾಟ್ಸಾಪ್ ಇಲ್ಲಿ ನಡೆಯುವುದಿಲ್ಲ. ಇಲ್ಲಿನವರು ಅದರ ಬದಲಿಗೆ ಬಳಸುವ ವೀಚಾಟ್ ಅನ್ನು ಭಾರತ 2020ರಲ್ಲಿ ನಿಷೇಧಿಸಿತು. ಅಜ್ಜಿಗೂ ಮೊಮ್ಮಗಳಿಗೂ ಎರಡೂ ಕಡೆ ನಡೆಯುವ ಸೇತುವೆ ಉಳಿದಿಲ್ಲ. ಊರಿನ ಸಿಮ್ಮನ್ನು ರೋಮಿಂಗ್‌ನಲ್ಲಿಟ್ಟರೆ ವಾಟ್ಸಾಪ್ ಸಿಗುತ್ತದೆ, ಬಿಲ್ಲು ನೋಡಿಕೊಳ್ಳಿ. ಐದು ವರ್ಷ ನಿಂತಿದ್ದ ನೇರ ವಿಮಾನಗಳು 2025ರ ಅಕ್ಟೋಬರ್‌ನಿಂದ ಮತ್ತೆ ಹಾರುತ್ತಿವೆ, ಅಜ್ಜಿಯನ್ನೇ ಕರೆಸಿಕೊಳ್ಳಬಹುದು.

ಊಟಕ್ಕೆ "ಮಾಂಸ ಬೇಡ" ಎಂದರೆ ಸಾಲದು, "ವೊ ಚ ಸು", ನಾನು ಸಸ್ಯಾಹಾರಿ, ಎನ್ನಿ. ಶಿಯಾನ್‌ನಲ್ಲಿ ನನ್ನನ್ನು ಬದುಕಿಸಿದ್ದು ಲಿಯಾಂಗ್‌ಪಿ: ಹಿಟ್ಟನ್ನು ತಟ್ಟೆಯಲ್ಲಿ ತೆಳ್ಳಗೆ ಹರಡಿ ಹಬೆಯಲ್ಲಿ ಬೇಯಿಸಿ, ಪಟ್ಟಿಪಟ್ಟಿಯಾಗಿ ಕತ್ತರಿಸಿ, ಸೌತೆಕಾಯಿ, ವಿನೆಗರ್, ಕೆಂಪು ಮೆಣಸಿನ ಎಣ್ಣೆ ಹಾಕಿ ಕಲಸಿ ಕೊಡುತ್ತಾರೆ.

ಜನರ ಬಗ್ಗೆ ಇನ್ನೊಂದು. ಲಿಫ್ಟಿನಲ್ಲಿ ಸಿಗುವ ಅಜ್ಜಿಯರು ನಿಮ್ಮ ಮಗನ ಕಾಲರೊಳಗೆ ಕೈ ಹಾಕಿ, ಬಟ್ಟೆ ಸಾಲದು, ತಣ್ಣೀರು ಕೊಡಬೇಡ ಎಂದು ನಿಮ್ಮನ್ನೇ ಗದರಿಸುತ್ತಾರೆ. ವಿದ್ಯಾರ್ಥಿಯಾಗಿದ್ದಾಗ ನನಗೆ ಇದು ಕಿರಿಕಿರಿ ಎನಿಸುತ್ತಿತ್ತು. ಈಗ ಮಗಳ ಎರಡನೆಯ ಸ್ವೆಟರ್ ನನ್ನ ಚೀಲದಲ್ಲೇ ಇರುತ್ತದೆ.

ಕಳೆದ ರಜೆಯಲ್ಲಿ ಶಿರಸಿಗೆ ಹೋಗಿದ್ದೆವು. ಪಕ್ಕದ ಮನೆಗೆ ಬಂದಿದ್ದ ಹಿಂದಿ ಮಾತನಾಡುವ ಹುಡುಗಿ ಮಗಳಿಗೆ, "ನನ್ನನ್ನು ದೀದಿ ಎಂದು ಕರೆ" ಎಂದಳು. ಇವಳು ಅವಳ ಎರಡು ಜಡೆಯನ್ನೂ ಲಂಗವನ್ನೂ ಒಮ್ಮೆ ನೋಡಿ, ನನ್ನ ಕಿವಿಗೆ ಬಂದು ಪಿಸುಗುಟ್ಟಿದಳು: "ಅಮ್ಮಾ, ಇವಳು ತಮ್ಮ ಅಲ್ಲವಲ್ಲ!"